ಮೊಟ್ಟೆ ಒಡೆಯದ ಬಾಯಿ

ಒಂದು ಸಂಗತಿಯನ್ನು ಬಿಟ್ಟೇ ಬರೆಯೋಣವೆಂದಿದ್ದೆ: ಟೈಗರ್‌ನ ಬಾಯಿ ಕೆಡಿಸಿದವಳು ನಾನೇ.

ಇವತ್ತು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಾಯಿಯೊಂದು ಚೆಂಡು ಕಚ್ಚಿಕೊಂಡು ಓಡಿಬಂದಾಗ ನಾನು ಚಿಕ್ಕವಳಿದ್ದಾಗಿನ ಬನಿಯಾಸ್‌ನ ನಮ್ಮ ಅಂಗಳ ಕಣ್ಣಮುಂದೆ ಬಂತು. ಅಪ್ಪ ಅಲ್ಲಿ ಅರಬರೊಬ್ಬರ ಮನೆಯ ಡ್ರೈವರ್. ಅವರ ಧಣಿ, ಅರ್ಬಾಬ್, ಟೈಗರ್ ಎಂಬ ಬೇಟೆನಾಯಿಯ ಮರಿಯೊಂದನ್ನು ಪಳಗಿಸಲು ಕೊಟ್ಟಿದ್ದರು. ಹೊಡೆದ ಹಕ್ಕಿಯನ್ನು ಅದು ಜಗಿಯದೆ, ಮೆಲ್ಲಗೆ ಹಿಡಿದು ತರಬೇಕಿತ್ತು. ಅಪ್ಪ ಹಳೆಯ ಕಾಲುಚೀಲಕ್ಕೆ ಪಾರಿವಾಳದ ಗರಿ ಹೊಲಿದು ಎಸೆಯುತ್ತಿದ್ದರು. ಅವರು ಕೆಲಸಕ್ಕೆ ಹೋದ ಮೇಲೆ ನಾನು ಅದೇ ಕಾಲುಚೀಲ ಹಿಡಿದು ಟೈಗರ್ ಜೊತೆ ಜಗ್ಗಾಡುತ್ತಿದ್ದೆ. ಎಳೆದಷ್ಟೂ ಅದು ಬಿಗಿಯಾಗಿ ಕಚ್ಚಲು ಕಲಿಯಿತು.

ಕೊನೆಗೆ ಅಪ್ಪ, ಒಡೆಯದೆ ಹಿಡಿಯುವುದನ್ನು ಕಲಿಯಲೆಂದು ಅದರ ಬಾಯಿಗೆ ಹಸಿಮೊಟ್ಟೆ ಕೊಟ್ಟು ನೋಡಿದರು.

“ಮೂರು ಒಡೀತು. ಇನ್ನು ನಾಯಿಗೆ ಆಮ್ಲೆಟೇ ಮಾಡಿ ಹಾಕುದಾ?” ಅಮ್ಮ ಕೇಳಿದರು.

“ಇನ್ನೊಂದು ಕೊಡು ಮಾರಾಯ್ತಿ. ನಾಳೆಯೂ ಹೀಗೇ ಮಾಡಿದ್ರೆ ಅರ್ಬಾಬ್ ಖಲಾಸ್ ಅಂತಾರೆ, ಬೇರೆಯವರಿಗೆ ಕೊಟ್ಟುಬಿಡ್ತಾರೆ.”

ಅಪ್ಪ ನಾಲ್ಕನೆಯ ಮೊಟ್ಟೆಯನ್ನು ಅದರ ಬಾಯಿಗಿಟ್ಟರು. ನಾನು ಮಂಡಿಯೂರಿ, ಟೈಗರ್‌ನ ಗಲ್ಲದ ಕೆಳಗೆ ಅಂಗೈ ಚಾಚಿದೆ. ಎಳೆಯಲಿಲ್ಲ. ನಾನು ಎಳೆಯಲೆಂದು ಅದೂ ಕಾಯಿತು. ಆಮೇಲೆ ದವಡೆ ಸಡಿಲಿಸಿತು. ಜೊಲ್ಲಿನಿಂದ ಒದ್ದೆಯಾದ, ಬೆಚ್ಚಗಿನ ಇಡೀ ಮೊಟ್ಟೆ ನನ್ನ ಕೈಗೆ ಬಂತು. ನಾನು ಅಂಗಳದ ತುಂಬ ಕುಣಿದೆ, ಟೈಗರ್ ನನ್ನ ಸುತ್ತ ಕುಣಿಯಿತು.

ಅಪ್ಪ ಈಗಲೂ ಬಂದವರಿಗೆಲ್ಲ, “ಅದು ಹುಟ್ಟಾ ಒರಟು ನಾಯಿ, ನಾನು ತಿದ್ದಿದ್ದು” ಅನ್ನುತ್ತಾರೆ. ನಾನು ಸುಮ್ಮನಿರುವುದು ಅವರ ಹೆಮ್ಮೆ ಉಳಿಸಲೋ, ನನ್ನ ಮಾನ ಉಳಿಸಲೋ, ನನಗೇ ತಿಳಿಯದು. ನನ್ನ ಪೋಸ್ಟುಗಳನ್ನು ಅವರು ತಪ್ಪದೆ ಓದುತ್ತಾರೆ. ಇದನ್ನು ಅವರ ಹುಟ್ಟುಹಬ್ಬದಂದೇ ಹಾಕುತ್ತೇನೆ, ಜನವರಿ ಹದಿನೆಂಟಕ್ಕೆ.