ಭೀಮರಾಜುವಿನ ದಡ್ಡ ಕ್ಯಾಮೆರಾ

ಹೊಸ ಮೊಬೈಲು ಕೊಂಡ ದಿನ ನಾಲ್ಕು ಜನರಿಗೆ ತೋರಿಸದಿದ್ದರೆ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮಧುಗಿರಿ ಕೋರ್ಟಿನ ಎದುರು ಮೂವತ್ತು ವರ್ಷದಿಂದ ಕ್ರಯಪತ್ರ, ಅರ್ಜಿ ಬರೆಯುತ್ತಾ ಕೂತಿರುವ ಮಹಾಲಿಂಗಯ್ಯ ಅಂದರೆ ನಾನೇ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ ಇದೆ ಅಂತಾರೆ. ಅಂದುಕೊಳ್ಳಲಿ, ನನಗೇನು. ಪಕ್ಕದ ಮಳಿಗೆ ಭೀಮರಾಜುವಿನ ಸ್ಟುಡಿಯೋ. ಎರಡು ವರ್ಷದ ಹಿಂದೆ ಇನ್ನೂರು ಮೆಗಾಪಿಕ್ಸೆಲ್ಲಿನ ಫೋನು ಕೊಂಡವನು ಸೀದಾ ಅವನ ಎದುರಿಗೆ ಹೋಗಿ ನಿಂತೆ.

"ಇನ್ನು ಅಂಗಡಿ ಬಾಗ್ಲು ಹಾಕ್ಕಳಪ್ಪ ರಾಜು. ನಿನ್ ಕ್ಯಾಮೆರಾನ ಇದು ಮೂಸಿ ನೋಡಲ್ಲ" ಅಂದೆ.

ಬೇರೆಯವನಾಗಿದ್ದರೆ ಜಗಳಕ್ಕೆ ಬರುತ್ತಿದ್ದ. ಇವನು ನಕ್ಕು, ಫೋನು ಇಸಿದುಕೊಂಡು ಹೊಸ್ತಿಲಲ್ಲಿ ನಿಂತು ಎದುರಿನ ಬೆಟ್ಟದ ಒಂದು ಫೋಟೋ ತೆಗೆದ. ಆಮೇಲೆ ತನ್ನ ಹಳೇ ಕ್ಯಾಮೆರಾದಲ್ಲಿ ಅದೇ ಜಾಗದಿಂದ ಇನ್ನೊಂದು. ಹತ್ತು ಹನ್ನೆರಡು ವರ್ಷದ ಕ್ಯಾಮೆರಾ ಅದು, ಪಟ್ಟಿ ಕಿತ್ತುಹೋಗಿ ಚಪ್ಪಲಿ ಹೊಲಿಯುವ ದಾರದಲ್ಲಿ ಹೊಲಿಸಿದ್ದ. ಎರಡನ್ನೂ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ತೋರಿಸಿದ.

"ಮಳೆನೀರು ಇಳ್ದು ಬಂಡೆ ಮೇಲೆ ಕಪ್ಪು ಗೆರೆ ಬಿದ್ದವಲ್ಲಣ್ಣ, ನಿನ್ ಫೋನು ಅದನ್ನೆಲ್ಲ ಸಗಣಿಲಿ ಸಾರ್ಸ್ದಂಗೆ ಸಾರ್ಸ್ಬುಟ್ಟದೆ ನೋಡು. ಆಕಾಶ ಮಾತ್ರ ಇರೋದಕ್ಕಿಂತ ನೀಲಿ."

"ಚೆನ್ನಾಗಿದೆಯಲ್ಲೋ ಮತ್ತೆ!"

"ಚೆನ್ನಾಗೇನೋ ಅದೆ. ಬೆಟ್ಟ ಅಂಗೆ ಇಲ್ಲ, ಅಷ್ಟೆ. ನಿನ್ ಫೋನು ಬಲೇ ಬುದ್ಧಿವಂತ. ನನ್ ಕ್ಯಾಮೆರಾ ದಡ್ಡ, ಕಂಡಿದ್ದು ಕಂಡಂಗೆ ಹೇಳ್ತದೆ."

ಹಾಗಂತ ಅವನು ಫೋನನ್ನು ಹಳಿಯುವವನಲ್ಲ. ಮುಸ್ಸಂಜೆಯಲ್ಲಿ, ಕೈ ಅಲುಗಿದರೂ ತೆಗೆಯುವುದರಲ್ಲಿ ಫೋನೇ ಮೇಲು ಅಂತ ತಾನೇ ಒಪ್ಪುತ್ತಿದ್ದ. ಗಿರಾಕಿಗಳಿಗೆ ಆಲ್ಬಮ್ ತೋರಿಸಲು ಒಂದು ಟ್ಯಾಬ್ ಇಟ್ಟುಕೊಂಡಿದ್ದ, ಅದರಲ್ಲಿ ಫೋಟೋ ತೆಗೆಯಲು ಹೋದವರಿಗೆ ಮಾತ್ರ, "ಅದು ನೋಡಾಕೆ ಸರಿ, ತೆಗಿಯಾಕಲ್ಲ ಕಣಪ್ಪ" ಅನ್ನುತ್ತಿದ್ದ. ಸಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಕೋರ್ಟಿಗೆ ಬಂದವರೆಲ್ಲ ಕೊಳ್ಳುವ ಫೋನಿನ ಬಗ್ಗೆ ಇವನನ್ನು ಕೇಳಿಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಬೆಟ್ಟದ ಪರೀಕ್ಷೆ ಮಾಡಿ ತೋರಿಸುತ್ತಿದ್ದ. ನನಗಾದರೆ ಅಷ್ಟು ತಾಳ್ಮೆ ಏಳು ಜನ್ಮಕ್ಕೂ ಬರುವುದಿಲ್ಲ.

ಅವನದೊಂದು ಪದ್ಧತಿ ಇತ್ತು. ಪ್ರಿಂಟ್ ಹಾಕುವ ಮೊದಲು ಕಂಪ್ಯೂಟರನ್ನು ಗಿರಾಕಿಯ ಕಡೆ ತಿರುಗಿಸಿ, ಮುಖದ ಮೇಲಿನ ಮಚ್ಚೆ, ಗಾಯದ ಗುರುತು ಒಂದೊಂದನ್ನೂ ತೋರಿಸಿ ಕೇಳುತ್ತಿದ್ದ, "ಇದು ಇರ್ಲಾ, ತೆಗೀಲಾ?" ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಗುರುತಿಗೆಂದು ಬರೆಸಿರುವ ಮಚ್ಚೆಯನ್ನು ಫೋಟೋದಲ್ಲಿ ಅಳಿಸಿಬಿಟ್ಟರೆ ಹೇಗೆ ಅನ್ನುವುದು ಒಂದು. ಅದಕ್ಕಿಂತ, ಅವರ ಮುಖ ಅವರದು ಅನ್ನುತ್ತಿದ್ದ. ಒಂದು ಪಾಸ್‌ಪೋರ್ಟ್ ಸೈಜಿಗೆ ಅರ್ಧ ಗಂಟೆ! ನಾನು ಎಷ್ಟು ಸಲ ರೇಗಿಸಿದರೂ ಬಿಡಲಿಲ್ಲ. ಅವನ ಅಂಗಡಿಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಅವನ ತಾಯಿ ಮಂಜಮ್ಮನ ಫೋಟೋ. ಕುರ್ಚಿಯಲ್ಲಿ ಕೂತು, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡಿರುವ ಫೋಟೋ. ಹಳೇ ಕಾಲದ ಹೆಂಗಸರ ನಾಚಿಕೆ ಅಂದುಕೊಂಡು ನಾನು ಯಾವತ್ತೂ ಕೇಳಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹೊಳವನಹಳ್ಳಿಯ ಬಸ್ಸಿಳಿದು ಒಬ್ಬ ತಾಯಿ, ಮಗಳು ಬಂದರು. ಆಂಜಿನಮ್ಮ, ವನಜಾ ಅಂತ ಇಟ್ಟುಕೊಳ್ಳಿ, ನಿಜವಾದ ಹೆಸರು ನಾನು ಹೇಳುವುದಿಲ್ಲ. ಮಗಳಿಗೆ ಇಪ್ಪತ್ತಮೂರು, ಊರಲ್ಲಿ ರವಿಕೆ ಹೊಲಿಯುತ್ತಾಳೆ. ಬರಗೂರಿನಿಂದ ಒಂದು ಸಂಬಂಧ ಬಂದಿತ್ತು, ಗುರುವಾರ ನೋಡಲು ಬರುವವರಿದ್ದರು. ಅದಕ್ಕೆ ಮುಂಚೆ ಸ್ಟುಡಿಯೋ ಫೋಟೋ ಕಳಿಸಿ ಅಂದಿದ್ದರಂತೆ. ನಾನು ಕೆಲಸವಿಲ್ಲದೆ ಅಲ್ಲೇ ಕೂತಿದ್ದೆ.

ಭೀಮರಾಜು ಫೋಟೋ ತೆಗೆದ, ಕಂಪ್ಯೂಟರಿಗೆ ಹಾಕಿದ, ಎಂದಿನಂತೆ ಅವರ ಕಡೆ ತಿರುಗಿಸಿದ. ಎಡಗಿವಿಯ ಕೆಳಗೆ, ದವಡೆಯ ಮೇಲೆ, ರೂಪಾಯಿಯಗಲ ಬಣ್ಣ ತೆಳುವಾದ ಒಂದು ಮಚ್ಚೆ. "ಇದು ಇರ್ಲಾ..." ಅಂತ ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿಬಿಟ್ಟ.

ಆಂಜಿನಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು.

"ಅಯ್ಯೋ, ಅದು ವಾಸಿಯಾಗೋತು ಕಣಪ್ಪ! ಯುಗಾದಿ ಹೊತ್ನಾಗೆ ಬೆಳ್ಳಗೆ ಚಿಬ್ಬು ಎದ್ದಿತ್ತು. ಮೆಡಿಕಲ್‌ನಾಗೆ ಮುಲಾಮು ತಂದು ಹಚ್ಚಿದ್ವಿ. ವಾರವಾರ ಫೋನಾಗೆ ತೆಗ್ದು ದೊಡ್ದು ಮಾಡಿ ನೋಡ್ದೆ, ಈಗ ಏನೂ ಇಲ್ಲ. ಮುಲಾಮೂ ಬುಟ್ಟು ಎಷ್ಟೋ ದಿನ ಆತು."

ಫೋನು ತೆಗೆದು ತೋರಿಸಿದಳು. ಏಳೆಂಟು ಫೋಟೋ, ಎಲ್ಲದರಲ್ಲೂ ಹುಡುಗಿಯ ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು.

"ಕನ್ನಡೀಲಿ ಒಂಚೂರು ಕಾಣ್ತದೆ ಅಣ್ಣ" ಅಂದಳು ವನಜಾ ಮೆಲ್ಲಗೆ. "ಫೋನಾಗೆ ಇಲ್ವಲ್ಲ, ಬೆಳಕಿಂದೇನೋ ಅನ್ಕಂಡೆ."

"ನಿನ್ ಕ್ಯಾಮೆರಾಕ್ಕೇ ಬೂಷ್ಟು ಹಿಡಿದದೆ" ಅಂದಳು ತಾಯಿ. ನಾನೂ ಸುಮ್ಮನಿರಲಾರದೆ, "ಹೌದು ಮತ್ತೆ, ಎಲ್ಲಾರ ಫೋನೂ ಸುಳ್ಳು ಹೇಳ್ತದೇನೋ ರಾಜು?" ಅಂತ ಬಾಯಿ ಹಾಕಿದೆ.

ಅವನು ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ ಬಾಗಿಲ ಬೆಳಕಿಗೆ ಕೂರಿಸಿದ. ಒಂದು ಸಂಗತಿ ಹೇಳಲೇಬೇಕು. ಚಿಕ್ಕಂದಿನಲ್ಲಿ ಎದ್ದ ಅಮ್ಮ, ಅಂದರೆ ಸಿಡುಬು, ನನ್ನ ಮುಖದ ತುಂಬ ಕುಳಿ ಬಿಟ್ಟು ಹೋಗಿದೆ. ನನ್ನ ಫೋನು, ಟ್ಯಾಬ್, ಕ್ಯಾಮೆರಾ, ಮೂರರಲ್ಲೂ ನನ್ನ ಮುಖ ತೆಗೆದು ಸಾಲಾಗಿ ಇಟ್ಟ. ಟ್ಯಾಬಿನದು ಮಸುಕು ಮಸುಕು. ಫೋನಿನಲ್ಲಿ ನಾನು ಮದುವಣಿಗ, ಒಂದು ಕುಳಿ ಇಲ್ಲ. ಕ್ಯಾಮೆರಾದಲ್ಲಿ ಎಲ್ಲವೂ ಇದ್ದವು, ಬೇಕಾದರೆ ಎಣಿಸಬಹುದಿತ್ತು. ಆ ಫೋನಿನ ಮೇಲೆ ನನಗೆ ಅಷ್ಟು ಪ್ರೀತಿ ಯಾಕೆ ಅಂತ ಆ ಕ್ಷಣ ನನಗೇ ತಿಳಿದು ನಾಚಿಕೆಯಾಯಿತು.

"ಮುಖ ಕಂಡ ತಕ್ಷಣ ಪೌಡ್ರು ಬಳೀತದಮ್ಮ ಫೋನು. ಯಾರೂ ಹೇಳ್ಬೇಕಾಗಿಲ್ಲ, ತಾನೇ ಬಳೀತದೆ. ಇವ್ರ ಕೆನ್ನೆ ಮುಟ್ಟಿ ನೋಡು, ಯಾವ ಫೋಟೋ ದಿಟ ಅಂತ ನೀನೇ ಹೇಳು."

ಆಂಜಿನಮ್ಮ ಹಿಂದೆಮುಂದೆ ನೋಡಿ, "ನಮ್ಮಣ್ಣನ ವಯಸ್ಸು" ಅಂತ ಗೊಣಗಿ, ಎರಡು ಬೆರಳಿನಲ್ಲಿ ನನ್ನ ಕೆನ್ನೆ ಸವರಿದಳು. ಆಮೇಲೆ, "ಅಂಗಾದ್ರೆ ಅದನ್ನ ಒರ್ಸಿ ಕೊಡಪ್ಪ. ಗುರುವಾರ ಬತ್ತಾರೆ" ಅಂದಳು.

ಒರೆಸಿ ಕೊಡುವುದು ಎರಡು ನಿಮಿಷದ ಕೆಲಸ. ಯಾರಾದರೂ ಕೊಟ್ಟುಬಿಡುತ್ತಿದ್ದರು, ನಾನಂತೂ ಕೊಡುತ್ತಿದ್ದೆ. ಅವನು ಲೆನ್ಸ್ ಒರೆಸುವ ಡಬ್ಬಿಯಿಂದ ಚೂರು ಹತ್ತಿ ತೆಗೆದು, ಎಳೆ ಮಾಡಿ ಹೊಸೆದು, ತಾಯಿಯ ಕೈಗೆ ಕೊಟ್ಟ.

"ವನಜಾ, ಕಣ್ಮುಚ್ಕಳಮ್ಮ. ಅವ್ವ ಇದ್ರಲ್ಲಿ ಎಲ್ಲಿ ಮುಟ್ತಾರೋ ಅಲ್ಲಿ ನೀನು ಬೆರಳಿಟ್ಟು ತೋರ್ಸು."

ಹಣೆಗೆ ಮುಟ್ಟಿಸಿದರೆ ಹುಡುಗಿ ಹಣೆ ತೋರಿಸಿದಳು. ಗಲ್ಲಕ್ಕೆ ಮುಟ್ಟಿಸಿದರೆ ಗಲ್ಲ. ಬಲಗೆನ್ನೆ ಸರಿಯಾಯಿತು. ಆಮೇಲೆ ಭೀಮರಾಜು ಸನ್ನೆ ಮಾಡಿದ ಜಾಗಕ್ಕೆ, ಎಡಗಿವಿಯ ಕೆಳಗೆ, ತಾಯಿ ಹತ್ತಿ ಸೋಕಿಸಿದಳು. ಹುಡುಗಿ ಸುಮ್ಮನೆ ಕೂತಿದ್ದಳು. ಇನ್ನೊಂದು ಸಲ ಸೋಕಿಸಿದಳು. ಮತ್ತೊಂದು ಸಲ, ಸ್ವಲ್ಪ ಒತ್ತಿ.

"ಮುಟ್ಟವ್ವ, ಯಾಕ್ ಸುಮ್ಕಾಗ್ಬುಟ್ಟೆ?" ಅಂದಳು ವನಜಾ, ಕಣ್ಣು ಮುಚ್ಚಿಕೊಂಡೇ.

ಮುಟ್ಟಿದ್ದು ತಿಳಿಯದ ಮಚ್ಚೆ ಅಂದರೆ ಏನು ಅಂತ ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಆಂಜಿನಮ್ಮನ ಕೈಯಿಂದ ಹತ್ತಿ ಕೆಳಗೆ ಬಿತ್ತು.

"ದೊಡ್ರೋಗ ಅಂತೀಯೇನೋ ನನ್ ಮಗಳಿಗೆ?" ನಮ್ಮ ಕಡೆ ಹಿರಿಯರು ಕುಷ್ಠಕ್ಕೆ ಹಾಗೇ ಅನ್ನುವುದು. "ನಿನ್ ಬಾಯ್ ಸೇದೋಗ!"

ಭೀಮರಾಜು ಬೈಸಿಕೊಂಡ. ಆಮೇಲೆ ಗೋಡೆಯ ಫೋಟೋ ಕಡೆ ತೋರಿಸಿದ.

"ನಾನು ಡಾಕ್ಟ್ರಲ್ಲ ಕಣಮ್ಮ, ಅಲ್ದೆಯೂ ಇರ್ಬೌದು. ನಮ್ಮವ್ವಂಗೂ ಇಂಗೇ ಒಂದು ಮಚ್ಚೆ ಎದ್ದಿತ್ತು. ಮನೆಯೋರು ಮುಚ್ಚಿಟ್ರು. ಬೆರಳೆಲ್ಲ ಮಡಚ್ಕಂಡ ಮೇಲೆ ಆಸ್ಪತ್ರೆಗೆ ಹೋದ್ವಿ. ರೋಗ ಹೋತು, ಬೆರಳು ಬರ್ಲಿಲ್ಲ. ಈ ಫೋಟೋ ತೆಗ್ದೋನು, ಚೆನ್ನಾಗಿ ಕಾಣ್ಲಿ, ಕೈ ಸೆರಗ್ನಾಗೆ ಮುಚ್ಕಳಮ್ಮ ಅಂದ. ನನಗೆ ಅನ್ನ ಕಲಸಿಕ್ಕಿದ ಕೈ ಅದು. ಆ ಕೈ ಇರೋ ಒಂದು ಫೋಟೋ ನನ್ನತ್ರ ಇಲ್ಲ."

ಮೂವತ್ತು ವರ್ಷ ಪಕ್ಕದಲ್ಲಿ ಕೂತು, ದಿನಾ ಆ ಫೋಟೋ ನೋಡಿಕೊಂಡು ಬಂದ ನನಗೆ ಇದು ಗೊತ್ತಿರಲಿಲ್ಲ. ಥೂ ನನ್ನ ಜನ್ಮಕ್ಕೆ ಅಂದುಕೊಂಡೆ. ವನಜಾ ಎದ್ದು ನಿಂತು ತನ್ನ ಎರಡು ಕೈಯನ್ನೂ ತಿರುಗಿಸಿ ನೋಡಿಕೊಂಡಳು. "ನಡಿಯವ್ವ, ಆಸ್ಪತ್ರೆಗೆ ಹೋಗಾನ" ಅಂದಳು.

ಜೊತೆಗೆ ನಾನೂ ಹೋದೆ. ಸರದಿಯಲ್ಲಿ ನಿಂತು ಚೀಟಿ ಮಾಡಿಸಿದೆ. ಡಾಕ್ಟರು ಪರೀಕ್ಷೆ ಮಾಡಿದಾಗ ಬಲ ಮುಂಗೈಯಲ್ಲಿ ಯಾರೂ ಗಮನಿಸದ ಇನ್ನೊಂದು ಮಚ್ಚೆ ಸಿಕ್ಕಿತು. ಅದೇ ರೋಗ. ಆರು ತಿಂಗಳು ಮಾತ್ರೆ ತಪ್ಪದೆ ನುಂಗಿದರೆ ಪೂರ್ತಿ ವಾಸಿ, ಇನ್ನೂ ತಡ ಮಾಡಿದ್ದರೆ ಬೆರಳಿನ ಬಲ ಹೋಗಬಹುದಿತ್ತು ಅಂದರು. ಆಂಜಿನಮ್ಮ ಬರಗೂರಿನವರಿಗೆ ಏನೋ ನೆಪ ಹೇಳಿ ಗುರುವಾರ ತಪ್ಪಿಸಿದಳು. ಸ್ಟುಡಿಯೋ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದಳು.

ಆಮೇಲೆ ಭೀಮರಾಜು ಮಂಕಾಗಿಬಿಟ್ಟ. ಹೊಳವನಹಳ್ಳಿ ಬಸ್ಸು ನಿಂತಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದ. "ಒಂದು ಮದ್ವೆ ಕೆಡಿಸ್ಬುಟ್ನೇನೋ ಅಣ್ಣ" ಅನ್ನುತ್ತಿದ್ದ. "ಮುಚ್ಚೋ ಬಾಯಿ" ಅಂತ ನಾನು ಗದರುತ್ತಿದ್ದೆ. ನಿಜ ಹೇಳಿದರೆ ನನಗೂ ನಿದ್ದೆ ಬರುತ್ತಿರಲಿಲ್ಲ.

ಎಂಟು ತಿಂಗಳಾದ ಮೇಲೆ ಇಬ್ಬರೂ ಬಂದರು. ಆಂಜಿನಮ್ಮನ ಪೊರೆ ತೆಗೆಸಿ ಆಗಿತ್ತು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ, "ಅಯ್ಯೋ, ಇವ್ರಿಗೆ ಇಷ್ಟೊಂದು ಕುಳಿ ಇದ್ವಾ!" ಅಂದಳು. ನಾನು ಉರಿದುಬಿದ್ದೆ, ಆದರೂ ನಗು ಬಂತು. ಬರಗೂರಿನ ಸಂಬಂಧ ಬೇರೆ ಕಡೆ ಆಗಿಹೋಗಿತ್ತಂತೆ. "ಹೋಗ್ಲಿ ಬುಡಿ" ಅಂದಳು ವನಜಾ. ಮಾತ್ರೆ ಮುಗಿದಿತ್ತು. ದವಡೆಯ ಮೇಲೆ ಬಣ್ಣ ಮುಕ್ಕಾಲು ಪಾಲು ಕೂಡಿಕೊಂಡಿತ್ತು.

ಭೀಮರಾಜು ಅವಳನ್ನು ಕೂರಿಸಿ, ಲೈಟು ಸರಿಮಾಡಿ, ಈ ಸಲ ಫೋಟೋ ತೆಗೆಯುವ ಮೊದಲೇ ಕೇಳಿದ, "ಇನ್ನೊಂಚೂರು ಗುರುತು ಅದೆ ತಾಯಿ. ಇರ್ಲಾ, ತೆಗೀಲಾ?"

"ಅದು ಇರ್ಲಿ ಅಣ್ಣ" ಅಂದಳು ವನಜಾ. ಎರಡು ಕೈಯನ್ನೂ ಮಡಿಲ ಮೇಲೆ ಇಟ್ಟು ಹತ್ತು ಬೆರಳನ್ನೂ ಅಗಲಿಸಿದಳು. "ಕೈ ಎರಡೂ ಪೂರಾ ಬರಂಗೆ ತೆಗೀರಿ."

ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟ. ನಿಂತ. ನಿಂತೇ ಇದ್ದ.

"ಒತ್ತೋ ಮಾರಾಯ, ಬಸ್ ಹೋಗ್ತದೆ" ಅಂದೆ ನಾನು.

"ತಡಿ ಅಣ್ಣ, ಮಸುಕಾಗ್ತದೆ" ಅಂದ. ಕ್ಯಾಮೆರಾ ಸರಿಯಾಗಿಯೇ ಇತ್ತು. ಅವನು ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡು ಬಂದು ಮತ್ತೆ ನಿಲ್ಲುವವರೆಗೂ ಹುಡುಗಿ ಬೆರಳು ಮಡಚಲಿಲ್ಲ.