ರುದ್ರಪ್ಪನೂ ನನ್ನ ಎಡಗಾಲೂ

ಶಾಂತಿಗ್ರಾಮದ ಮೆಕ್ಯಾನಿಕ್ ರುದ್ರಪ್ಪ ಯಾರನ್ನೂ ಅವರವರ ಹೆಸರಿನಿಂದ ಕರೆದವನಲ್ಲ. ತಂದ ಗಾಡಿಗೆ ಯಾವ ರೋಗವೋ ಅದೇ ತಂದವನ ಹೆಸರು. ಗೇರು ಬೀಳದ ಜೀಪಿನ ಪಟೇಲರು ‘ಸೆಕೆಂಡ್ ಗೇರು’. ಆಯಿಲ್ ಸೋರುವ ಟ್ರ್ಯಾಕ್ಟರಿನ ಯಜಮಾನ ‘ಸೋರುಬುಡ್ಡೆ’. ಹೊಗೆ ಕಕ್ಕುವ ವ್ಯಾನಿನಲ್ಲಿ ಬರುತ್ತಿದ್ದ ಡೈರಿ ಸೆಕ್ರೆಟರಿ ‘ಒಗೆಸೊಪ್ಪು’. ಅವರೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ನನಗಿಟ್ಟ ಹೆಸರು ‘ಕ್ಲಚ್ಚು’. ಅದು ನನ್ನ ಕಾರಿನ ರೋಗವಲ್ಲ, ಕ್ಲಚ್ಚು ತುಳಿಯಲಾರದ ನನ್ನ ಎಡಗಾಲಿನದು. ನಾನು ನಗಲಿಲ್ಲ. ಅವನು ಹೋಗಿ ಎರಡು ವರ್ಷವಾಗುತ್ತಾ ಬಂತು, ಇನ್ನಾದರೂ ನಾಲ್ಕು ಒಳ್ಳೆಯ ಮಾತಾಡು ಎನ್ನುತ್ತಾರೆ ಜನ. ಅವರಿಗೇನು ಹೋಗಬೇಕು, ಅವರ ಕಾಲನ್ನು ಅವನು ಟೇಪು ಹಿಡಿದು ಅಳೆದಿರಲಿಲ್ಲ.

ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತು. ತೊಡೆಗೆ ಕೈಯೂರಿ ನಡೆಯುತ್ತೇನೆ. ಚನ್ನರಾಯಪಟ್ಟಣದಲ್ಲಿ ಅಣ್ಣನದೂ ನನ್ನದೂ ಪಾತ್ರೆ ಅಂಗಡಿ. ನಾವು ಜೈನರು. ಅಣ್ಣ ಹೊತ್ತು ಮುಳುಗುವುದರೊಳಗೆ ಮನೆ ಸೇರಿ ಊಟ ಮುಗಿಸುವ ನೇಮದವನು, ನಾನು ಆ ವಿಷಯದಲ್ಲಿ ಅಷ್ಟಕ್ಕಷ್ಟೆ. ಆದರೆ ಎಲ್ಲಿಗೆ ಹೋಗಬೇಕಾದರೂ ಅವನ ಬೈಕಿನ ಹಿಂದೆಯೇ ಹೋಗಬೇಕು, ಅವನು ಎದ್ದಾಗ ಏಳಬೇಕು. ಹೊಳೆನರಸೀಪುರದಲ್ಲಿ ಗೆಳೆಯನ ಆರತಕ್ಷತೆಗೆ ಹೋಗಿ, ಗಂಡು ಹೆಣ್ಣು ವೇದಿಕೆ ಹತ್ತುವ ಮೊದಲೇ ಎದ್ದು ಬಂದಿದ್ದೇನೆ. ಅರಕಲಗೂಡಿಗೆ ನಾಟಕಕ್ಕೆಂದು ಹೋಗಿ ಪರದೆ ಏಳುವುದನ್ನೂ ನೋಡಿಲ್ಲ. ನಲವತ್ತೆರಡು ವರ್ಷದ ಗಂಡಸು ನಾನು. ಒಂದು ದಿನವಾದರೂ ಒಬ್ಬನೇ ಹೋಗಿ, ನನಗೆ ಸಾಕೆನಿಸಿದಾಗ ವಾಪಸು ಬರಬೇಕು ಎಂಬ ಹಟ ಹುಟ್ಟಿತು. ಎಂಜಿನ್ ಜಾಮಾಗಿ ಗೊರೂರಿನ ಕ್ವಾರ್ಟರ್ಸಿನಲ್ಲಿ ನಿಂತಿದ್ದ ಒಂದು ಹಳೆಯ ಸಣ್ಣ ಕಾರು ಕೊಂಡೆ. “ನಿಂಗ್ಯಾಕೋ ಕಾರು? ನಾನಿಲ್ವೇನೋ?” ಎಂದ ಅಣ್ಣ. ಅವನಿರುವುದೇ ತೊಂದರೆ ಎಂದು ಹೇಗೆ ಹೇಳಲಿ?

ರುದ್ರಪ್ಪನಿಗೆ ವರ್ಷವೆಲ್ಲ ಟ್ರ್ಯಾಕ್ಟರು, ಟಿಲ್ಲರುಗಳ ಕೆಲಸ. ಮಾಗಿ ಬಂದರೆ ಅವೆಲ್ಲ ರಾಗಿ ಹೊರೆ ಸಾಗಿಸಿಕೊಂಡು ಹೊಲದಲ್ಲೇ ಇರುತ್ತವೆ, ಶೆಡ್ಡು ಖಾಲಿ ಹೊಡೆಯುತ್ತದೆ. ಆ ಎರಡು ತಿಂಗಳಲ್ಲಿ ಅವನು ಒಂದೇ ಒಂದು ಗಾಡಿ ಹಿಡಿದು ಬುಡದಿಂದ ಬಿಚ್ಚಿ ಕಟ್ಟುತ್ತಿದ್ದ. ಎಂಜಿನ್ ಬದಲಾಯಿಸುವುದಿರಲಿ, ಇನ್ನೇನಿರಲಿ, ಬೇರೆಯವರು ಆಗದೆಂದು ಕೈಬಿಟ್ಟ ಗಾಡಿಗಳು ಹಾಸನದಿಂದಲೂ ಬರುತ್ತಿದ್ದವು. ಯಾವುದನ್ನು ಹಿಡಿಯಬೇಕೆಂದು ದೀಪಾವಳಿ ಕಳೆದ ಮೇಲೆ ಅವನೇ ಆರಿಸುತ್ತಿದ್ದ. ಆ ವರ್ಷ ನನ್ನದನ್ನು ಆರಿಸಿದ. ಯಾಕೆಂದು ಕೇಳಿದ್ದಕ್ಕೆ, “ಕಾರು ನೋಡಿ ಅಲ್ಲ, ನಿನ್ನ ನೋಡಿ,” ಎಂದ. ಆಗಲೇ ನನಗೆ ಅವನು ಹಿಡಿಸಲಿಲ್ಲ.

ಮೊದಲ ದಿನ ಅವನು ಬಾನೆಟ್ಟನ್ನೇ ಎತ್ತಲಿಲ್ಲ. ಹಣೆಯ ವಿಭೂತಿಗೆ ಗ್ರೀಸು ಮೆತ್ತಿಕೊಂಡು ಎದುರಿಗೆ ನಿಂತು, “ಪ್ಯಾಂಟ್ ಎತ್ತು,” ಎಂದ.

“ಯಾಕೆ?”

“ಗಾಡಿ ಓಡ್ಸೋದು ನಿನ್ ಪ್ಯಾಂಟಾ, ಕಾಲಾ? ಎತ್ತಯ್ಯಾ!”

ಟೀ ಕುಡಿಯುತ್ತಾ ಕೂತಿದ್ದ ನಾಲ್ಕು ಜನರೆದುರು ಎತ್ತಿಸಿದ. ಮಂಡಿಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದ. ಪಾದದ ಕೆಳಗೆ ತನ್ನ ಅಂಗೈ ಇಟ್ಟು, “ಒತ್ತು,” ಎಂದ. ಒತ್ತಿದೆ. “ಒತ್ಲಾ!” “ಒತ್ತುತ್ತಾ ಇದೀನಲ್ರೀ!” “ಓ, ಇಷ್ಟೇಯಾ?” ಎಂದು ಎದ್ದು ಹೋದ. ಆಸ್ಪತ್ರೆಯಲ್ಲೂ ಯಾರೂ ನನ್ನನ್ನು ಹಾಗೆ ನಡೆಸಿಕೊಂಡಿರಲಿಲ್ಲ.

ನಾನೊಂದು ನೋಟ್‌ಬುಕ್ಕಿನಲ್ಲಿ ಮಾಡಿಸಬೇಕಾದ್ದನ್ನೆಲ್ಲ ಬರೆದುಕೊಂಡಿದ್ದೆ. ದೊಡ್ಡ ಎಂಜಿನ್ನು, ಹೊಳೆಯುವ ವೀಲು, ಕೆಂಪು ಬಣ್ಣ, ಮ್ಯೂಸಿಕ್ ಸಿಸ್ಟಮ್ಮು. ಅವನು ಅದನ್ನು ಓದಿಸಿ ಕೇಳಿ, ಶೆಡ್ಡಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಎರಡೇ ಸಾಲು ಬರೆದ. ಒಂದು, ಹಾಸನದ ಗುಜರಿಯಿಂದ ವ್ಯಾನಿನ ಎಂಜಿನ್ನು. ಇನ್ನೊಂದು, ಗೇರು ಕೋಲಿಗೆ ಕೈಕ್ಲಚ್ಚು. ಕೋಲಿನ ಮೇಲಿನ ಹಿಡಿಕೆಯನ್ನು ಎಡಗೈಯಲ್ಲಿ ಹಿಸುಕಿದರೆ ತಂತಿ ಎಳೆದು ಕ್ಲಚ್ಚು ಬಿಡುತ್ತದೆ, ಅದೇ ಕೈಯಲ್ಲಿ ಗೇರು ಹಾಕಬಹುದು. “ಮಿಕ್ಕಿದ್ದು?” ಎಂದೆ. “ಮಿಕ್ಕಿದ್ದ ನಿನ್ ಮದ್ವೆಗೆ ಮಾಡ್ಸು, ಓಗು,” ಎಂದ. ನನಗೆ ಮದುವೆಯಾಗಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೈಯಲ್ಲಿ ವಿದ್ಯೆ ಇತ್ತು, ಇಲ್ಲವೆಂದರೆ ನನ್ನ ನಾಲಗೆ ಸೇದಿಹೋದೀತು. ಎಂಜಿನ್ ಕೂರಿಸಿದ ದಿನ ನಾನೂ ಅಲ್ಲಿದ್ದೆ. ತೊಲೆಗೆ ಸರಪಳಿ ಹಾಕಿ ಇಳಿಬಿಟ್ಟ ಎಂಜಿನ್ನನ್ನು ಅವನು ಅಂಗೈಯಲ್ಲಿ ಅಷ್ಟಷ್ಟೇ ನೂಕುತ್ತಾ, ಒಂದು ಮಾತೂ ಆಡದೆ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಇನ್ನೊಂದು ಕೈಯಲ್ಲಿ ಅದನ್ನು ತಿರುಗಿಸುತ್ತಾ ಕಣ್ಣುಮುಚ್ಚಿ ಕೇಳಿದ. ಆ ಐದು ನಿಮಿಷ ಅವನ ಮೇಲೆ ಗೌರವ ಬಂದದ್ದು ನಿಜ. “ಲೇ ಕ್ಲಚ್ಚು, ಕುಂಟ್ಕಂಡ್ ಬಾ ಇಲ್ಲಿ, ಚಾವಿ ತಿರುಗ್ಸು,” ಎಂದು ಕೂಗಿ ಅದನ್ನೂ ಹಾಳುಮಾಡಿದ.

ಸಂಕ್ರಾಂತಿಗೆ ಹತ್ತು ದಿನ ಇರುವಾಗ ನಮ್ಮ ಅಂಗಡಿಯೆದುರಿನ ಟೀ ಹೋಟೆಲಿಗೆ ನನ್ನ ಕಾರು ಬಂದು ನಿಂತಿತು. ನಾನು ಗಲ್ಲಾದಿಂದಲೇ ನೋಡುತ್ತಿದ್ದೆ. ರುದ್ರಪ್ಪ ಬಾಗಿಲು ತೆಗೆದ. ಅವನ ಎಡಗಾಲನ್ನು ಸೈಕಲ್ ಟ್ಯೂಬಿನಿಂದ ಸೀಟಿನ ಕಬ್ಬಿಣಕ್ಕೆ ಬಿಗಿದಿತ್ತು. ಟ್ಯೂಬು ಬಿಚ್ಚಿ ಇಳಿದ. ಇಳಿದವನು ತೊಡೆಗೆ ಕೈಯೂರಿ, ಸೊಂಟ ವಾರೆ ಮಾಡಿ, ಥೇಟು ನನ್ನ ಹಾಗೆಯೇ ಹೋಟೆಲಿನವರೆಗೆ ನಡೆದ. ಬೆಂಚಿನ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ನಾನು ಹೇಗೆ ರಸ್ತೆ ದಾಟಿದೆನೋ ಗೊತ್ತಿಲ್ಲ.

“ನಿನ್ನ ಮನೆ ಹಾಳಾಗ! ನನ್ನ ಕಾಲು ನಿಂಗೆ ಆಟದ ಸಾಮಾನೇನೋ? ಥೂ, ಮನುಷ್ಯನಾ ನೀನು?” ಎಂದು ನಡುಬೀದಿಯಲ್ಲಿ ಕಿರುಚಿದೆ. ಅವನು ಲೋಟ ಕೆಳಗಿಡಲಿಲ್ಲ. “ಟೀ ಆರೋಯ್ತದೆ, ಕುಡಿದ್ಮ್ಯಾಕೆ ಬೈಯಿ,” ಎಂದ. ಚಾವಿ ಕಿತ್ತುಕೊಂಡೆ. ಕೆಲಸ ಮುಗಿದಿದೆಯೋ ಇಲ್ಲವೋ ಕೇಳಲಿಲ್ಲ. ಅವನೂ ಹೇಳಲಿಲ್ಲ. ಬಸ್ಸು ಹತ್ತಿ ಶಾಂತಿಗ್ರಾಮಕ್ಕೆ ಹೋದ.

ಕಾರಿಗೆ ಕಾಲಿನ ಕ್ಲಚ್ಚೂ ಹಾಗೇ ಇತ್ತಲ್ಲ, ಅಣ್ಣ ಅದನ್ನು ತುಳಿದು ಓಡಿಸತೊಡಗಿದ. ನನ್ನ ಕಾರಿನಲ್ಲೇ ನಾನು ಎಡಗಡೆಯ ಸೀಟಿನಲ್ಲಿ ಕೂತು, ಐದು ಗಂಟೆಗೇ ಮನೆಗೆ ಬರುವುದು ಶುರುವಾಯಿತು. ಈ ಸಂಪತ್ತಿಗೆ ಬೈಕೇ ವಾಸಿಯಾಗಿತ್ತು. ಬೆಳಗಿನ ಹೊತ್ತು ಬಯಲಿನಲ್ಲಿ ಕೈಕ್ಲಚ್ಚು ಹಿಸುಕಿ ಹಿಸುಕಿ ಒಬ್ಬನೇ ಕಲಿತೆ. ಲೈಸೆನ್ಸಿಗೆ ಹೋಗುವ ಮೊದಲು ರಸ್ತೆಗೂ ಇಳಿಸೋಣವೆಂದು, ಅಣ್ಣನನ್ನು ಪಕ್ಕ ಕೂರಿಸಿಕೊಂಡು ನಾಲೆ ಏರಿಯ ಕಡೆ ಹೊರಟೆ. ಏರಿನ ನಡುವೆ ಎಮ್ಮೆ ಅಡ್ಡ ಬಂತು, ನಿಲ್ಲಿಸಿದೆ. ಮತ್ತೆ ಹೊರಡಬೇಕು. ಬಲಗಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ಹ್ಯಾಂಡ್‌ಬ್ರೇಕು ಹಿಡಿದಿರಬೇಕು. ಹ್ಯಾಂಡ್‌ಬ್ರೇಕು ಎಡಗಡೆ. ಎಡಗೈ ಕ್ಲಚ್ಚಿನ ಮೇಲೆ. ಇನ್ನೊಂದು ಎಡಗೈ ಎಲ್ಲಿಂದ ತರಲಿ? ಕಾರು ಹಿಂದಕ್ಕೆ ಜಾರಿತು. ಅಣ್ಣ ಕೈಹಾಕಿ ಎಳೆದಿರದಿದ್ದರೆ ನಾಲೆಯಲ್ಲಿರುತ್ತಿದ್ದೆವು. ಅವನು ಬೈಯಲಿಲ್ಲ. “ಮಾರಿಬಿಡೋಣ ಬಿಡೋ, ಪಾಪ,” ಎಂದ. ಆ ‘ಪಾಪ’ ನನ್ನನ್ನು ಕೊಂದು ಹಾಕಿತು.

ಮರುದಿನ ಬಸ್ಸಿನಲ್ಲಿ ಶಾಂತಿಗ್ರಾಮಕ್ಕೆ ಹೋದೆ. ಯಾರ ಮುಖ ನೋಡಬಾರದು ಅಂದುಕೊಂಡಿದ್ದೆನೋ ಅವನ ಮುಂದೆಯೇ ನಿಂತೆ. ಅವನು ಕೂತಲ್ಲಿಂದಲೇ ಕೇಳಿದ, “ಏರಲ್ಲಿ ಇಂದಕ್ಕೋಯ್ತಾ?”

“ನಿನಗೆ ಹೇಗೆ ಗೊತ್ತು?”

ಅವನು ಮೂಲೆಯಿಂದ ಒಂದು ಕಬ್ಬಿಣದ ಪಟ್ಟಿ ತಂದು ನನ್ನೆದುರು ಎಸೆದ. ಹ್ಯಾಂಡ್‌ಬ್ರೇಕನ್ನು ಲಾರಿಯಂತೆ ಬಲಗಡೆ ಬಾಗಿಲ ಪಕ್ಕ ಕೂರಿಸಲು ಮಾಡಿಟ್ಟ ಪಟ್ಟಿ. ನಿಂತ ಗಾಡಿಗೆ ಸ್ಟಿಯರಿಂಗ್ ಹಿಡಿಯುವ ಅಗತ್ಯವಿಲ್ಲ, ಬಲಗೈ ಖಾಲಿ ಇರುತ್ತದೆ. “ಕಾಲು ಕಟ್ಕಂಡು ಗೊರೂರ್ ಡ್ಯಾಮಿನ್ ಏರ್‌ಗೋಗಿದ್ದೆ. ಇಂದಕ್ಕೋಗಿ ಮರಕ್ಕೆ ತಾಗ್ತು. ಅಲ್ಲಿಂದ ಅಂಗೇ ನಿಮ್ಮೂರ್ಗಂಟ ಓಡ್ಸ್ಕಂಡ್ ಬಂದು ಟೀಗ್ ನಿಂತಿದ್ದು.”

“ಹಾಗಾದರೆ ಅವತ್ತು ಕಾಲು ಕಟ್ಟಿಕೊಂಡದ್ದು ಪರೀಕ್ಷೆಗಾ, ಅಣಕಿಸೋದಕ್ಕಾ?”

“ಟ್ಯೂಬ್ ಕಟ್ಟಿದ್ದು ಗಾಡಿಗೆ. ನಡ್ದಿದ್ದು ನಗ್ಸಾಕೆ. ಎಲ್ಡೂ ಮಾಡ್ದೆ ಕಣಯ್ಯಾ, ಸುಳ್ಯಾಕೇಳ್ಲಿ?”

“ಜಾರುತ್ತೆ ಅಂತ ಗೊತ್ತಿದ್ದೂ ಒಂದು ಮಾತು ಹೇಳಿಕಳಿಸಲಿಲ್ಲವಲ್ಲೋ! ನಾಲೆಗೆ ಬಿದ್ದು ಸತ್ತಿದ್ದರೆ?”

“ನೀನ್ ಬೀದೀಲ್ ಉಗ್ದೆ. ನಂಗೂ ರೋಸ ಐತೆ. ನಾನ್ಯಾಕ್ ಬರ್ಲಿ ನಿನ್ ಬಾಗ್ಲಿಗೆ?” ಎಂದ. ಆಮೇಲೆ ಸ್ಪ್ಯಾನರು ಹುಡುಕುತ್ತಾ, “ನಾಳೆ ಗಾಡಿ ತಾ,” ಎಂದ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ನಾನೂ ಕ್ಷಮಿಸಲಿಲ್ಲ. ನಾನು ಸಾಯಬಹುದೆಂದು ತಿಳಿದೂ ರೋಷಕ್ಕೆ ಬಾಯಿ ಮುಚ್ಚಿಕೊಂಡಿದ್ದವನನ್ನು ಯಾಕೆ ಕ್ಷಮಿಸಬೇಕು? ಬ್ರೇಕು ಮಾತ್ರ ಬಲಗಡೆಗೆ ಬಂತು. ಅದೇ ಬೇಸಿಗೆಯಲ್ಲಿ ಲೈಸೆನ್ಸೂ ಆಯಿತು.

ಆಮೇಲೆ ಆ ಶೆಡ್ಡಿನ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ, ನಿಲ್ಲಿಸಲಿಲ್ಲ. ಅವನೂ ತಲೆ ಎತ್ತಲಿಲ್ಲ. ಎದೆನೋವು ಬಂದು ಹೋಗಿಬಿಟ್ಟನೆಂದು ಹೋಟೆಲಿನವನು ಹೇಳಿದ ದಿನ ಮಾತ್ರ, ಸಾಲಗಾಮೆಯಿಂದಾಚೆ ಅವನ ಹಳ್ಳಿಗೆ ಹೋದೆ. ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು. ಸುತ್ತ ನಿಂತವರೆಲ್ಲ ಎಂಥ ಒಳ್ಳೆಯ ಮನುಷ್ಯ, ಹಾಲಿನಂಥ ಮನಸ್ಸು ಎನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ಹಾಲೂ ಅಲ್ಲ, ಮಣ್ಣೂ ಅಲ್ಲ. ಕೆಟ್ಟ ಹಟದ ಮನುಷ್ಯ,” ಎಂದುಬಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು.

ಅವನ ಹೆಂಡತಿ ನನ್ನ ಕಾಲು ನೋಡಿದಳು. ನಾನು ಯಾರೆಂದು ತಿಳಿಯಿತೆಂದು ಕಾಣುತ್ತದೆ. “ದಿಟ ಕಣಪ್ಪ, ಮೂವತ್ತೊರ್ಸ ನಾನೂ ಅನ್ಬೋಸಿವ್ನಿ,” ಎಂದಳು. ಜನ ಒಬ್ಬೊಬ್ಬರಾಗಿ ಕರಗಿದರು. ಹೊಲದಾಚೆ ಬಿಸಿಲು ಕೆಂಪಾಗಿತ್ತು. ಅವಳು ಮತ್ತೆ ಹತ್ತಿರ ಬಂದು, “ಯಾರ್ ಜೊತೆ ಬಂದ್ಯಪ್ಪಾ? ಒತ್ತು ಮುಳುಗ್ತಾ ಐತೆ, ಒರಡು. ಪಾಪ, ಅವ್ರು ಕಾಯ್ತಿರ್ತಾರೆ,” ಎಂದಳು.

“ಯಾರೂ ಕಾಯ್ತಿಲ್ಲ ಕಣವ್ವ. ನಾನೊಬ್ನೇ ಬಂದಿದೀನಿ,” ಎಂದು ಅಲ್ಲೇ ಬದುವಿನ ಮೇಲೆ ಕೂತೆ. ಅವನನ್ನು ಬೈಯುವುದು ಇನ್ನೂ ಮುಗಿದಿರಲಿಲ್ಲ.