ಭಟ್ಟಿ ಮರಳಿನ ಮೇಲೆ ಬೆಂದ ಕೇಕು

ನಮ್ಮ ಮನೆಯಲ್ಲಿ ನನ್ನನ್ನು ಕುರಿತ ಒಂದು ಕಥೆ ಚಾಲ್ತಿಯಲ್ಲಿತ್ತು. ಕಾರ್ತಿಕದ ಒಂದು ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟು, ಮರೆತು, ಹಿತ್ತಲಿಗೆ ಹೋದೆನಂತೆ. ಹಾಲು ಬತ್ತಿ ಪಾತ್ರೆ ಸುಟ್ಟು ಮನೆ ತುಂಬ ಹೊಗೆಯಾಯಿತಂತೆ. ಮಗ ಓಡಿ ಬಂದು ಗ್ಯಾಸ್ ಆರಿಸದೆ ಹೋಗಿದ್ದರೆ ಇಡೀ ಬೀದಿಯೇ ಉಳಿಯುತ್ತಿರಲಿಲ್ಲವಂತೆ. ಮೊದಲ ಸಲ ಹೇಳಿದಾಗ ಕಥೆಯಲ್ಲಿ ಬೀದಿ ಇರಲಿಲ್ಲ. ದೇವನೂರಿನ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಮಗ ಅದನ್ನು ನಾಲ್ಕನೆಯ ಸಲ ಹೇಳುವಾಗ ಬೀದಿಯೂ ಬಂದು ಸೇರಿಕೊಂಡಿತು. ನಾನು ಅದೇ ಪಂಕ್ತಿಯಲ್ಲಿ ಮೂರು ಎಲೆ ಆಚೆ ಕೂತಿದ್ದೆ.

ಹಾಲನ್ನು ಸಿಮ್ಮಿಗೆ ಇಟ್ಟೇ ಹೋದೆನೆಂದು ಅಂದೇ ಹೇಳಿದ್ದೆ. "ಆಯ್ತಮ್ಮ, ಬಿಡು" ಎಂದಿದ್ದ ಮಗ. ಮರುದಿನ ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಲೈಟರು ಫ್ರಿಜ್ಜಿನ ತಲೆಯ ಮೇಲೆ, ನನ್ನ ಕೈಗೆ ಎಟುಕದ ಕಡೆಗೆ ಹೋಯಿತು. ಅಂಗಡಿಗೆ ಹೊರಡುವ ಮುಂಚೆ ಮಗ ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಹೋಗತೊಡಗಿದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆ, ನನಗೆಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು ಹೋಗತೊಡಗಿದಳು. ಯಾರೂ ಗದರಲಿಲ್ಲ. ಗದರಿದ್ದರೆ ಎದುರಾಡಬಹುದಿತ್ತು. ಪ್ರೀತಿಯಿಂದ ಕಿತ್ತುಕೊಂಡದ್ದನ್ನು ವಾಪಸು ಕೇಳುವುದಕ್ಕೆ ಭಾಷೆಯೇ ಇರುವುದಿಲ್ಲ. ಎಪ್ಪತ್ತಮೂರು ವರ್ಷಕ್ಕೆ ನನಗೆ ನನ್ನ ಒಲೆ ಇಲ್ಲವಾಯಿತು.

ಇಂಥ ಕಥೆಗಳನ್ನು ಒಪ್ಪಿಕೊಂಡು ಕೂರುವ ಅಭ್ಯಾಸ ನನಗಿಲ್ಲ. ಅಜ್ಜಂಪುರದಲ್ಲಿ ನನ್ನ ತಂದೆಯದು ಮಂಡಕ್ಕಿ ಭಟ್ಟಿ, ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ದೊಡ್ಡ ಒಲೆ. ನಾಲ್ಕನೆಯ ತರಗತಿಗೆ ನನ್ನ ಶಾಲೆ ಮುಗಿಯಿತು. ಉಳಿದ ಓದೆಲ್ಲ ಮಂಡಕ್ಕಿ ಪೊಟ್ಟಣ ಕಟ್ಟಲು ತರುತ್ತಿದ್ದ ಹಳೆಯ ಪತ್ರಿಕೆಗಳ ಮೇಲೆ. ಕಟ್ಟುವ ಮುಂಚೆ ಓದುತ್ತಿದ್ದೆ. ಹಾಳೆಯನ್ನು ಮೊದಲೇ ಹರಿದು ಇಟ್ಟಿರುತ್ತಿದ್ದರಾದ್ದರಿಂದ ಯಾವ ಸುದ್ದಿಯೂ ಪೂರ್ತಿ ಸಿಗುತ್ತಿರಲಿಲ್ಲ. ಉಳಿದ ತುಂಡನ್ನು ಹುಡುಕಿ ಜೋಡಿಸಿದಾಗ, ಮೊದಲ ತುಂಡಿನಲ್ಲಿ ಕಳ್ಳನಂತೆ ಕಂಡವನು ಎರಡನೆಯದರಲ್ಲಿ ಸಾಕ್ಷಿಯಾಗಿರುತ್ತಿದ್ದ. ಅಂದಿನಿಂದ, ಎದುರಿಗಿರುವುದು ಅರ್ಧ ಹಾಳೆ ಎಂದೇ ತಿಳಿದು ಓದುತ್ತೇನೆ.

ಆದರೆ ಮನೆಯವರ ಕಥೆಯನ್ನು ಮಾತಿನಿಂದ ಒಡೆಯುವುದು ಆಗದ ಕೆಲಸವೆಂದು ತಿಳಿದಿತ್ತು. ಮಾಡಿ ತೋರಿಸಬೇಕು. ಉಪ್ಪಿಟ್ಟನ್ನೋ ಹುಳಿಯನ್ನೋ ಮಾಡಿದರೆ, ಕೈಗೆ ರೂಢಿಯಾದ ಕೆಲಸ, ಅದಕ್ಕೆ ಜ್ಞಾಪಕ ಏಕೆ ಬೇಕು ಎನ್ನುತ್ತಾರೆ. ರೂಢಿ ಏನೇನೂ ನೆರವಿಗೆ ಬಾರದ, ಅಳತೆ ತಪ್ಪಿದರೆ ಕೆಡುವ, ಗಂಟೆಗಟ್ಟಲೆ ಉರಿಯ ಮೇಲೆ ಕಣ್ಣಿಡಬೇಕಾದ ತಿಂಡಿಯೊಂದು ಬೇಕಿತ್ತು. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅದು ಸಿಕ್ಕಿತು: ಮೂರು ಪದರಗಳ ಸಾಂಪ್ರದಾಯಿಕ ಚಾಕೊಲೇಟ್ ಕೇಕು. ಯಾರ ಸಂಪ್ರದಾಯ ಎಂದು ಬರೆದಿರಲಿಲ್ಲ. ಕೇಕು ನನಗೆ ಅಷ್ಟೇನೂ ಇಷ್ಟವಿಲ್ಲ. ಅದೂ ಒಳ್ಳೆಯದೇ ಆಯಿತು; ಆಸೆಗೆ ಮಾಡಿದಳೆಂದು ಯಾರೂ ಹೇಳುವಂತಿರಲಿಲ್ಲ.

ಆ ವಿಧಾನವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಅಂಚಿನಲ್ಲಿ ನನ್ನ ತಕರಾರುಗಳನ್ನು ಬರೆದೆ. ನಾಲ್ಕು ಮೊಟ್ಟೆ ಇಲ್ಲದೆ ಕೇಕು ಉಬ್ಬದು ಎಂದಿದ್ದರು. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಹುಳಿ ಮೊಸರಿಗೆ ಸೋಡಾ ಬಿದ್ದಾಗ ಏಳುವ ನೊರೆಯನ್ನು ಅವರು ಕಂಡಿಲ್ಲವೆಂದುಕೊಂಡೆ. ಬೆಣ್ಣೆ ಕೋಣೆಯ ಉಷ್ಣತೆಯಲ್ಲಿರಬೇಕು ಎಂದಿದ್ದರು. ಶಿವರಾತ್ರಿ ಕಳೆದ ಮೇಲೆ ಕಡೂರಿನ ಕೋಣೆಯಲ್ಲಿಟ್ಟ ಬೆಣ್ಣೆ ಮಧ್ಯಾಹ್ನದ ಹೊತ್ತಿಗೆ ಕುಡಿಯುವಂತಾಗಿರುತ್ತದೆ. ಓವನ್ನನ್ನು ನೂರ ಎಂಬತ್ತು ಡಿಗ್ರಿಗೆ ಕಾಯಿಸಿ ಎಂದಿದ್ದರು. ಓವನ್ ನಮ್ಮಲ್ಲಿಲ್ಲ. ಶಾಖವನ್ನು ಅಳೆಯುವುದು ಮಾತ್ರ ನನಗೆ ಬರುತ್ತಿತ್ತು.

ಕಡೂರಿನಲ್ಲಿ ನಾನು ಕೋಕೋ ಪುಡಿ ಕೇಳಿದ್ದರೆ ಸ್ಟೇಷನ್ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತ ಮಗನಿಗೆ ಸುದ್ದಿ ಮುಟ್ಟಲು ಕಾಲು ಗಂಟೆ ಸಾಕು. ಪುಷ್ಯದಲ್ಲಿ ನನ್ನ ಕಣ್ಣಿನ ಪೊರೆ ತೆಗೆದಿದ್ದ ಡಾಕ್ಟರು ತರೀಕೆರೆಯವರು. ಮತ್ತೆ ತೋರಿಸಿ ಬರುತ್ತೇನೆಂದು ಒಬ್ಬಳೇ ಬಸ್ಸು ಹತ್ತಿ, ಕಣ್ಣನ್ನೂ ತೋರಿಸಿ, ಕೋಕೋ, ಸೋಡಾ, ಒಂದು ಕೇಕಿನ ತಟ್ಟೆ, ಒಂದು ಬೆಂಕಿಪೊಟ್ಟಣ ಕೊಂಡು ತಂದೆ. ಮುಂದಿನ ವಾರ ಅಜ್ಜಂಪುರಕ್ಕೆ ಹೋಗಿ, ಎಂದೋ ಮುಚ್ಚಿದ ಭಟ್ಟಿಯ ಮೂಲೆಯಲ್ಲಿ ಉಳಿದಿದ್ದ ಕರಿಮರಳನ್ನು ಕೈಚೀಲದಲ್ಲಿ ತುಂಬಿಸಿಕೊಂಡು ಬಂದೆ.

ಮಗ ಚೀಲ ಎತ್ತಿ ನೋಡಿದ. "ಏನಮ್ಮ ಇದು, ತವರಿಂದ ಎಲ್ಲಾರೂ ಮಡಿಲಕ್ಕಿ ತರ್ತಾರೆ, ನೀನು ಮರಳು ತಂದಿದೀಯಲ್ಲ?"

"ನಿಮ್ಮಪ್ಪನ ಮನೇಲಿ ಅಕ್ಕಿ ಇತ್ತು ಕಣೋ. ಮರಳಿರಲಿಲ್ಲ" ಎಂದೆ.

ಭಾನುವಾರ ಬಂತು. ಮಗ ಅಂಗಡಿಗೆ ಹೋಗಿದ್ದ; ಸೊಸೆ ಮನೆಯಲ್ಲಿದ್ದುದರಿಂದ ರೆಗ್ಯುಲೇಟರ್ ತೆರೆದೇ ಇತ್ತು. ದಪ್ಪ ತಳದ ದಬರಿಯಲ್ಲಿ ನಾನು ಮರಳು ಹರಡುವುದನ್ನು ಕಂಡು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಯಾಕತ್ತೆ ಮರಳು?"

"ಕೇಕಿಗೆ."

"ಬೇಕರೀಲಿ ಅರ್ಧ ಕೇಜಿ ತಂದ್ರೆ ಮುಗೀತಲ್ಲ."

"ತಿನ್ನೋಕಲ್ಲ ಕಣಮ್ಮ, ಮಾಡೋಕೆ."

ಅವಳು ಫ್ರಿಜ್ಜಿನ ಮೇಲಕ್ಕೆ ಕೈ ಚಾಚಿದಳು. "ಸರಿ, ಒಲೆ ನಾನು ಹಚ್ಚಿಕೊಡ್ತೀನಿ. ನೀವು ಕೂತ್ಕೊಂಡು ಹೇಳಿ."

ನಾನು ಸೆರಗಿನ ತುದಿಯ ಗಂಟು ಬಿಚ್ಚಿ ತರೀಕೆರೆಯ ಬೆಂಕಿಪೊಟ್ಟಣ ತೆಗೆದೆ, ಕಡ್ಡಿ ಗೀರಿದೆ, ಬಲಗಡೆಯ ಒಲೆ ಹಚ್ಚಿದೆ. ಅವಳು ಲೈಟರನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.

"ನೂರ ಎಂಬತ್ತು ಡಿಗ್ರಿ ಬೇಕು ಅತ್ತೆ. ಹೆಂಗೆ ಗೊತ್ತಾಗುತ್ತೆ ನಿಮಗೆ?"

"ಅಕ್ಕಿ ಕೆಂಪಾಗೋಷ್ಟು."

"ಅದು ಅಳತೆ ಅಲ್ಲ."

"ನಿನ್ನ ಹತ್ರ ಬೇರೆ ಅಳತೆ ಇದ್ರೆ ತಾ. ಇಲ್ಲಾ ಅಂದ್ರೆ ಇದೇ ಅಳತೆ."

ಭಟ್ಟಿಯಲ್ಲಿ ತಂದೆ ನಾಲ್ಕು ಕಾಳು ಮಂಡಕ್ಕಿ ಅಕ್ಕಿಯನ್ನು ಮರಳಿಗೆ ಎಸೆದು ನೋಡುತ್ತಿದ್ದರು. ಕಾಳು ತಕ್ಷಣ ಅರಳಿ ಹಾರಿದರೆ ಮರಳು ಮಂಡಕ್ಕಿಗೆ ಸಿದ್ಧ. ಕೇಕಿಗೆ ಅಷ್ಟು ಕಾವು ಸಲ್ಲದು. ಬಿದ್ದಲ್ಲೇ ಬಿಳಿಯಾಗಿ ಮಲಗಿದ್ದರೆ ಸಾಲದು. ಅರಳದೆ, ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿದರೆ ಸರಿ. ಇದನ್ನು ಹಿಂದಿನ ಎರಡು ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಹಿತ್ತಲಿನಲ್ಲಿ ಸ್ನಾನದ ನೀರು ಕಾಯಿಸುವ ಸೌದೆ ಒಲೆಯಲ್ಲಿ, ಗೋಧಿ ಹಿಟ್ಟಿನ ಸಣ್ಣ ರೊಟ್ಟಿಗಳನ್ನಿಟ್ಟು ಪರೀಕ್ಷಿಸಿಕೊಂಡಿದ್ದೆ. ಸೋಡಾ ಕಲಸಿದ ಹಿಟ್ಟು ಕಾಯುತ್ತ ಕೂತರೆ ಸತ್ವ ಕಳೆದುಕೊಳ್ಳುತ್ತದೆಂದು ಒಣ ಪುಡಿಯನ್ನು ಮೂರು ಪಾಲು ಮಾಡಿಟ್ಟು, ಪ್ರತಿ ಪದರಕ್ಕೂ ಆಗ ಮಾತ್ರ ಮೊಸರು ಬೆರೆಸುವುದೆಂದು ನಿಶ್ಚಯಿಸಿದ್ದೆ.

ಮೊದಲ ಪದರ ಮುಕ್ಕಾಲು ಗಂಟೆಯೊಳಗೆ ಬೆಂದಿತು. ತೆಂಗಿನ ಗರಿಯ ಹೊಸ ಕಡ್ಡಿ ಚುಚ್ಚಿ ತೆಗೆದರೆ ಏನೂ ಅಂಟಲಿಲ್ಲ. ಸೊಸೆ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಉಬ್ಬಿದೆಯಲ್ಲ ಅತ್ತೆ."

"ಮೊಟ್ಟೆ ಇಲ್ದೆ ಉಬ್ಬಲ್ಲ ಅಂತ ಯಾರೋ ಅಂದಿದ್ರು."

"ನಾನಂತೂ ಅಂದಿಲ್ಲಪ್ಪ" ಎಂದು ನಕ್ಕಳು.

ಆ ನಗೆಯಲ್ಲಿ ಅರ್ಧ ಗೆದ್ದೆನೆಂದುಕೊಂಡೆ. ಮಗ ಊಟಕ್ಕೆ ಬರುವ ಹೊತ್ತಾಗುತ್ತಿತ್ತು. ಸಾರಿಗೆ ಒಗ್ಗರಣೆ ಹಾಕಬೇಕು, ಬಲಗಡೆಯ ಒಲೆ ಬೇಕು ಎಂದಳು. ನಾವಿಬ್ಬರೂ ಬಟ್ಟೆ ಹಿಡಿದು ದಬರಿಯನ್ನು ಎಡಗಡೆಯ ಒಲೆಗೆ ಸರಿಸಿದೆವು. ಒಲೆ ಹಚ್ಚಿ, ನಾಬನ್ನು ಸಿಮ್ಮಿನ ಗುರುತಿಗೆ ತಿರುಗಿಸಿ, ಗುರುತನ್ನು ಎರಡು ಸಲ ನೋಡಿ, ಎರಡನೆಯ ಪದರವನ್ನು ಒಳಗಿಟ್ಟೆ. ಎದುರಿನ ಕಿಟಕಿಯಿಂದ ಬಿಸಿಲು ನೇರವಾಗಿ ಒಲೆಯ ಮೇಲೆ ಬೀಳುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತೆ, ದಬರಿಗೆ ಒಂದು ಮಾರು ದೂರದಲ್ಲಿ. ಎದ್ದು ಎಲ್ಲಿಗೂ ಹೋಗಲಿಲ್ಲ.

ಕಾಲು ಗಂಟೆಯಲ್ಲಿ ಸುಟ್ಟ ವಾಸನೆ ಬಂತು. ಮುಚ್ಚಳ ತೆಗೆದೆ. ಪದರದ ಅಂಚೆಲ್ಲ ಇದ್ದಿಲಾಗಿತ್ತು.

ಸೊಸೆ ಒಗ್ಗರಣೆ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಸಿಮ್ ಮಾಡೋದು ಮರೆತ್ರಾ ಅತ್ತೆ?" ಎಂದಳು. ಮೆತ್ತನೆಯ ದನಿ. ಪ್ರತಿ ಬೆಳಿಗ್ಗೆ ಫ್ಲಾಸ್ಕು ಮುಂದಿಡುವಾಗಿನ ದನಿ.

"ಗುರುತು ನೋಡು" ಎಂದೆ.

ನೋಡಿದಳು. ಗುರುತು ಸಿಮ್ಮಿನಲ್ಲೇ ಇತ್ತು.

"ಅಯ್ಯೋ, ಆ ಒಲೆ ಸ್ವಲ್ಪ ಜೋರು ಅತ್ತೆ. ಅದಕ್ಕೇ ನಾನು ಅದನ್ನ ಕುಕ್ಕರ್‌ಗೆ ಮಾತ್ರ ಇಟ್ಕೋತೀನಿ..." ಎಂದವಳು ಅಲ್ಲಿಗೇ ನಿಂತಳು.

"ಎಷ್ಟು ದಿನದಿಂದ ಜೋರು?"

ಸಾರು ಕುದಿಯುತ್ತಿತ್ತು. "ದೀಪಾವಳಿಗೂ ಮುಂಚಿಂದ" ಎಂದಳು.

ನಾನು ಎದ್ದು ಕಿಟಕಿಯ ಬಾಗಿಲು ಮುಚ್ಚಿದೆ. ಬಿಸಿಲು ಹೋದದ್ದೇ ದಬರಿಯ ತಳವನ್ನೆಲ್ಲ ಆವರಿಸಿ ಉರಿಯುತ್ತಿದ್ದ ನೀಲಿ ಜ್ವಾಲೆ ಕಂಡಿತು. ನಾಬನ್ನು ಹಿಡಿದು ಎಳೆದರೆ ಕೈಗೇ ಬಂತು. ಅದರ ಒಳಗಿನ ಪ್ಲಾಸ್ಟಿಕ್ಕು ಸೀಳಿಹೋಗಿತ್ತು. ಒತ್ತಿ ಹಚ್ಚುವಾಗ ಒಳಗಿನ ಲೋಹದ ಕಡ್ಡಿಯನ್ನು ಹಿಡಿಯುತ್ತಿದ್ದ ನಾಬು, ಸಿಮ್ಮಿಗೆ ತಿರುಗಿಸುವಾಗ ಜಾರಿ ತಾನೊಂದೇ ತಿರುಗುತ್ತಿತ್ತು. ಇಕ್ಕಳ ತಂದು ಆ ಕಡ್ಡಿಯನ್ನೇ ತಿರುಗಿಸಿದೆ. ಉರಿ ಕುಗ್ಗಿತು. ಹಾಲು ಸುಟ್ಟದ್ದೂ ಇದೇ ಎಡಗಡೆಯ ಒಲೆಯ ಮೇಲೆ.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂದು ಕೂತಿತು. ಆ ಕಾರ್ತಿಕದ ಬೆಳಿಗ್ಗೆ ನಾನು ಮರೆತಿರಲಿಲ್ಲ, ನಿಜ. ಉರಿಯನ್ನು ನೋಡಿಯೂ ಇರಲಿಲ್ಲ. ಪೊರೆ ಕವಿದ ಕಣ್ಣಿಗೆ ಜ್ವಾಲೆ ಕಾಣದೆಂದು ನನಗೆ ಗೊತ್ತಿತ್ತು. ಹಾಗಿದ್ದೂ ಅಂಗೈಯೊಡ್ಡಿ ಕಾವು ನೋಡುವ ಬದಲು ಗುರುತನ್ನು ನಂಬಿ ಹಿತ್ತಲಿಗೆ ಹೋಗಿದ್ದೆ. ಊರೆಲ್ಲ ಒಪ್ಪಿದ್ದನ್ನು ಪ್ರಶ್ನಿಸುವವಳು ನಾನು. ಒಲೆಯ ಮೇಲೆ ಯಾರೋ ಅಚ್ಚು ಹಾಕಿದ ಮೂರಕ್ಷರವನ್ನು ಪ್ರಶ್ನಿಸಿರಲಿಲ್ಲ. ಕೇಕಿನ ಈ ದಿನವೂ, ಮರಳಿನ ಕಾವಿಗೆ ಅಕ್ಕಿ ಎಸೆದು ನೋಡಿದವಳು, ಒಲೆ ಬದಲಾದ ಮೇಲೆ ಮತ್ತೆ ಎಸೆದು ನೋಡಿರಲಿಲ್ಲ.

ಮೂರನೆಯ ಪದರವನ್ನು ಮತ್ತೆ ಬಲಗಡೆಯ ಒಲೆಯಲ್ಲಿ ಬೇಯಿಸಿದೆ. ಸುಟ್ಟ ಪದರವನ್ನು ಎಸೆದುಬಿಡಿ, ಎರಡೇ ಪದರ ಸಾಕು ಎಂದಳು ಸೊಸೆ. ನಾನು ಒಪ್ಪಲಿಲ್ಲ. ಇದ್ದಿಲನ್ನು ಚಾಕುವಿನಿಂದ ಹೆರೆದು ಅದನ್ನೇ ನಡುವಿಗಿಟ್ಟೆ. ಮಡಕೆಯ ನೀರಿನಲ್ಲಿ ಬಟ್ಟಲಿಟ್ಟು ತಣಿಸಿದ ಬೆಣ್ಣೆಗೆ ಸಕ್ಕರೆ ಪುಡಿಯನ್ನೂ ಕೋಕೋವನ್ನೂ ಹಾಕಿ ಇಬ್ಬರೂ ಸರದಿಯಂತೆ ಕಡೆದೆವು. ಹಚ್ಚುವಾಗ ಕೇಕು ಒಂದು ಕಡೆಗೆ ವಾಲಿತು. ಹಾಗೇ ಬಿಟ್ಟೆ.

ಊಟವಾದ ಮೇಲೆ ಮಗನ ಮುಂದೆ ತಟ್ಟೆ ಇಟ್ಟೆವು. ಎರಡು ತುತ್ತು ತಿಂದ.

"ಚೆನ್ನಾಗೇ ಇದೆ ಕಣಮ್ಮ. ನಡುವಿಂದು ಯಾಕೋ ಕಹಿ."

ನಾಬನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ನಡೆದುದನ್ನು ಹೇಳಿದವಳು ಸೊಸೆ. ದೀಪಾವಳಿಯ ಮಾತನ್ನೂ ಅವಳು ಬಿಡಲಿಲ್ಲ. ಅದಕ್ಕಾಗಿ ಇಂದಿಗೂ ಅವಳನ್ನು ಗೌರವಿಸುತ್ತೇನೆ. ಮಗ ನಾಬನ್ನು ತಿರುಗಿಸಿ ತಿರುಗಿಸಿ ನೋಡಿದ.

"ದಿನಾ ಅಂಗಡೀಲಿ ಇಂಥವನ್ನೇ ಮಾರ್ತೀಯ, ಅಲ್ವೇನೋ?" ಎಂದೆ.

"ಇದು ಸೀಳಿದ್ದನ್ನ ನಾನು ನೋಡ್ಲಿಲ್ಲಮ್ಮ. ಆದ್ರೂ ನಿನ್ನ ವಯಸ್ಸಿಗೆ, ಹುಷಾರಾಗಿರಲಿ ಅಂತ..."

"ವಯಸ್ಸಿನ ವಿಷಯ ಬೇರೆ ದಿನ ಮಾತಾಡೋಣ. ಹಾಲಿಂದು ಹೇಳು."

ಅವನು ಕೈ ತೊಳೆಯಲು ಎದ್ದ. ಸಂಜೆ ಅಂಗಡಿಯಿಂದ ಹೊಸ ನಾಬು ತಂದು ಹಾಕಿದ. ಸೊಸೆ ಲೈಟರನ್ನು ಮೊಳೆಗೆ ನೇತು ಹಾಕಿದಳು. ಇಷ್ಟರಲ್ಲಿ ಎಲ್ಲ ಮುಗಿಯಿತೆಂದು ಅವರಿಬ್ಬರೂ ಭಾವಿಸಿದರು. ನನಗೆ ಒಲೆ ಸಿಕ್ಕಿತ್ತು. ಕಥೆ ಮಾತ್ರ ದೇವನೂರಿನ ಮದುವೆಯ ಪಂಕ್ತಿಯಲ್ಲಿ ಬಿಟ್ಟುಬಂದಂತೆಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಶಿವಮೊಗ್ಗದಿಂದ ಮಗಳು ಫೋನ್ ಮಾಡಿದಳು. ಮಗ ಸ್ಪೀಕರಿಗೆ ಹಾಕಿ, ಅಮ್ಮ ಮರಳಿನ ಮೇಲೆ ಕೇಕು ಮಾಡಿದಳೆಂದು ವರ್ಣಿಸತೊಡಗಿದ. ಒಲೆ ಹಚ್ಚೋಕೆ ಬಿಟ್ಟಿರಾ, ಆ ಹಾಲಿನ ಪ್ರಸಂಗ ಆದ ಮೇಲೂ, ಎಂದು ಮಗಳು ಕೇಳಿದಳು. ನಾನು ಮಗನ ಎದುರಿನ ಕುರ್ಚಿಯಲ್ಲಿ ಕೂತು ಅವನ ಮುಖ ನೋಡುತ್ತಿದ್ದೆ. ಅವನು ಮಾತು ಬೇರೆ ಕಡೆ ತಿರುಗಿಸಲು ನೋಡಿದ. ನಾನು ಏಳಲಿಲ್ಲ.

"ಹಾಲು ಅಮ್ಮ ಮರೆತು ಸುಟ್ಟಿದ್ದಲ್ಲ ಕಣೇ" ಎಂದ ಕೊನೆಗೆ. "ಸಿಮ್ಮಿಗೇ ಇಟ್ಟಿದ್ಲು. ಒಲೆ ಕೆಟ್ಟಿತ್ತು. ನಾವು ನೋಡಿರ್ಲಿಲ್ಲ."

"ಅರ್ಧ ಹೇಳ್ಬೇಡ" ಎಂದೆ. "ನಾನೂ ಉರಿ ನೋಡ್ದೆ ಹೋದೆ ಅನ್ನೋದನ್ನೂ ಹೇಳು."

ಅದನ್ನೂ ಹೇಳಿದ. ಆ ಕಡೆಯಿಂದ ಮಗಳು, ಕೇಕು ಏನಾದರೂ ಮಿಕ್ಕಿದೆಯೇ ಎಂದು ಕೇಳಿದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಮೊಳೆಯಿಂದ ಲೈಟರ್ ತೆಗೆದುಕೊಂಡು ಎಡಗಡೆಯ ಒಲೆ ಹಚ್ಚಿ, ಕಾಫಿಗೆ ಹಾಲಿಟ್ಟು, ಬಗ್ಗಿ ಉರಿ ನೋಡಿದೆ.